ತುರುಗೋಳಿನ ಕಲ್ಲು, ಗರಡಿಯ ಮಣ್ಣು

‘ಸ್ಟಾರ್ ವಾರ್ಸ್’ ಸಿನಿಮಾ ನೋಡಿದವರಿಗೆ ಜೇಡೈಗಳ ಪರಿಚಯ ಇದ್ದೇ ಇರುತ್ತೆ. ಕೋಪ ಮಾಡಿಕೊಳ್ಳಬಾರದು, ಆಸೆಗೆ ಬೀಳಬಾರದು, ಗುರುವಿನ ಮಾತು ಮೀರಬಾರದು... ಹೀಗೆ ಅವರಿಗೊಂದು ದೊಡ್ಡ ನಿಯಮಾವಳಿ. 1977ರಲ್ಲಿ ಮೊದಲ ಸಿನಿಮಾ ಮಾಡಿದ ಜಾರ್ಜ್ ಲ್ಯೂಕಾಸ್‌ಗೆ ಜಪಾನಿನ ಅಕಿರಾ ಕುರೊಸಾವಾನ ಸಮುರಾಯ್ ಚಿತ್ರಗಳು, ಅದರಲ್ಲೂ 1958ರ ‘ದಿ ಹಿಡನ್ ಫೋರ್ಟ್ರೆಸ್’, ಸ್ಫೂರ್ತಿ ಅಂತ ಆತನೇ ಹೇಳಿಕೊಂಡಿದ್ದಾನೆ. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಈ ವಿಷಯ ಬಂದರೆ ಮುಗಿಯಿತು, ಸಮುರಾಯ್, ಬುಶಿದೋ, ನಿಂಜಾ ಅಂತ ಒಂದು ಗಂಟೆ ಚರ್ಚೆ. ಕೋಡ್ ಬರೆಯುವವರಿಗೆ ‘ಕೋಡ್’ ಅನ್ನೋ ಪದ ಕಂಡರೆ ಅದೇನೋ ಮೋಹ :)

ಒಮ್ಮೆ ಇಂಥದೇ ಚರ್ಚೆಯಲ್ಲಿ ಗೆಳೆಯನೊಬ್ಬ, “ನಮ್ಮಲ್ಲಿ ಇಂಥದ್ದು ಏನೂ ಇಲ್ವಲ್ಲೋ” ಅಂದ. ನಾನು ಕೋಲಾರದ ಕಡೆಯವನು. ನಮ್ಮ ಕಡೆ ಕೆರೆ ಏರಿಯ ಮೇಲೆ, ಗುಡಿ ಮುಂದೆ, ಹೊಲದ ಬದುವಿನಲ್ಲಿ ಕತ್ತಿ ಹಿಡಿದು ನಿಂತ ಕಲ್ಲುಗಳು ಎಷ್ಟೋ ಇವೆ. ಕೆಲವಕ್ಕೆ ಅರಿಶಿನ ಕುಂಕುಮ, ಕೆಲವದರ ಮೇಲೆ ಒಣಗಲು ಹಾಕಿದ ಬಟ್ಟೆ. ಅವುಗಳನ್ನು ಓದಿದರೆ ವೀರರ ನಿಯಮ ಏನು ಅನ್ನೋದಷ್ಟೇ ಅಲ್ಲ, ಅದಕ್ಕೆ ಯಾರು ಎಷ್ಟು ಬೆಲೆ ಕೊಟ್ಟರು ಅನ್ನೋದೂ ತಿಳಿಯುತ್ತೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಈ ನಾಲ್ಕು ತಾಲ್ಲೂಕುಗಳನ್ನು ಸುತ್ತುತ್ತಾ ಕಥೆಯ ವೀರರನ್ನೂ ಗರಡಿಯ ವೀರರನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಬನ್ನಿ.

ಮೊದಲು ಕೋಲಾರ. ಗಂಗರ ಮೊದಲ ರಾಜಧಾನಿ ಇದು, ಆಗ ಇದರ ಹೆಸರು ಕುವಲಾಲ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗ ಅರಸರು ತಮ್ಮನ್ನು ‘ಕುವಲಾಲಪುರವರೇಶ್ವರ’ ಎಂದೇ ಕರೆದುಕೊಳ್ಳುತ್ತಿದ್ದರು. ಈ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟವಾಗಿ ಪ್ರಕಟಿಸಿದರು. ಅದನ್ನು ತಿರುವಿ ಹಾಕಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತೆ: ತುರುಗೋಳ್. ಅಂದರೆ ದನ ಹೊಡೆದುಕೊಂಡು ಹೋಗುವುದು. ಪಕ್ಕದ ಸೀಮೆಯವರು ಬಂದು ಊರಿನ ದನಗಳನ್ನು ಅಟ್ಟಿಕೊಂಡು ಹೋದರು, ಇಂಥವನು ಅಡ್ಡ ಹೋಗಿ ಇರಿದು, ದನ ಬಿಡಿಸಿ ಸತ್ತ, ಅವನಿಗೆ ಈ ಕಲ್ಲು. ಇಷ್ಟೇ ಕಥೆ. ಸತ್ತವನು ಎಷ್ಟೋ ಸಲ ದೊಡ್ಡ ಸೇನಾಪತಿಯೇನಲ್ಲ, ಊರಿನವನೇ.

ಇದೇ ಕೋಲಾರದ ಸ್ಥಳಪುರಾಣ ಏನು ಹೇಳುತ್ತೆ ನೋಡಿ. ಅಂತರಗಂಗೆಯ ಬೆಟ್ಟಸಾಲು, ಅಂದರೆ ಶತಶೃಂಗ ಪರ್ವತ, ಪರಶುರಾಮನ ಕಥೆ ನಡೆದ ಜಾಗ ಅಂತ ನಮ್ಮ ಕಡೆ ನಂಬಿಕೆ. ಕಾರ್ತವೀರ್ಯಾರ್ಜುನ ಜಮದಗ್ನಿಯ ಆಶ್ರಮಕ್ಕೆ ಬಂದು ಊಟ ಮಾಡಿ, ಹೋಗುವಾಗ ಅಲ್ಲಿನ ಹಸುವನ್ನೇ ಹೊಡೆದುಕೊಂಡು ಹೋದ. ಪರಶುರಾಮ ಬೆನ್ನಟ್ಟಿ ಕೊಂದ. ಆಗ ಎದ್ದ ಕೋಲಾಹಲದಿಂದ ಕೋಲಾಹಲಪುರ, ಅದರಿಂದ ಕೋಲಾರ ಅನ್ನುತ್ತಾರೆ. ಹೆಸರಿನ ವ್ಯುತ್ಪತ್ತಿಯನ್ನು ಬಿಡಿ, ಕಥೆಯ ತಿರುಳು ತುರುಗೋಳೇ ಅಲ್ವೇ! ಮಹಾಭಾರತದಲ್ಲಿ ಪಾಂಡವರ ಅಜ್ಞಾತವಾಸ ಮುಗಿಯುವುದೂ ವಿರಾಟನ ದನಗಳನ್ನು ಕೌರವರು ಹಿಡಿದಾಗ. ದನ ಕಾದು ಸತ್ತವನ ಕಲ್ಲು ನಿಲ್ಲಿಸಿದ ಊರಿನಲ್ಲಿ ‘ಉತ್ತರ ಗೋಗ್ರಹಣ’ದ ಕಥೆ ಯಾರಿಗೂ ದೂರದ್ದು ಅನಿಸಿರಲಾರದು. ಬೃಹನ್ನಳೆ ರಥ ಹತ್ತಿದಾಗ ಅವರಿಗೆ ತಮ್ಮೂರ ಏರಿಯ ಕಲ್ಲೇ ನೆನಪಾಗಿರಬೇಕು.

ಆ ಕಾಲದ ನಿಯಮದಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ವ್ಯವಹಾರದ ಭಾಗ. ಸತ್ತ ವೀರನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ‘ಕಲ್ನಾಡು’, ‘ನೆತ್ತರುಗೊಡಗೆ’ ಅನ್ನುವ ಹೆಸರುಗಳಿವೆ. ವೀರನ ಕತ್ತಿ ತೊಳೆದು ಕೊಡುವ ದತ್ತಿಗೆ ‘ಬಾಳ್ಗಳ್ಚು’ ಅಂತ ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಕ್ರಿ.ಶ. 949-50) ಇದಕ್ಕೆ ಪ್ರಸಿದ್ಧ ಉದಾಹರಣೆ. ಗಂಗರ ಬೂತುಗನ ಸೇವಕ ಮಣಲೇರ ತಕ್ಕೋಲದ ಯುದ್ಧದಲ್ಲಿ ಚೋಳರ ಎದುರು ಪರಾಕ್ರಮ ತೋರಿದ. ಮೆಚ್ಚಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ “ಏನು ಬೇಕು ಕೇಳು” ಅಂದಾಗ ಆತ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೂ ಕಲ್ಲು ನಿಲ್ಲಿಸಿದರು! ಬೂತುಗ ಮಣಲೇರನಿಗೆ ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ ಕೊಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಈ ನಿಯಮಕ್ಕೆ ಇನ್ನೊಂದು ಮುಖ ಇದೆ. ಜೋಳವಾಳಿ, ವೇಳೆವಾಳಿ ಅನ್ನುವ ಹಳಗನ್ನಡ ಮಾತುಗಳನ್ನು ಕೇಳಿರಬಹುದು. ಉಂಡ ಜೋಳದ ಋಣ ತೀರಿಸುವುದು ಜೋಳವಾಳಿ. ಒಡೆಯನಿಗಾಗಿ ಸಾಯುತ್ತೇನೆ, ಅವನು ಸತ್ತರೆ ನಾನೂ ಉಳಿಯುವುದಿಲ್ಲ ಅಂತ ಭಾಷೆ ಕೊಟ್ಟು ಹಾಗೇ ನಡೆದುಕೊಳ್ಳುವುದು ವೇಳೆವಾಳಿ. ಹೊಯ್ಸಳರ ಕಾಲದಲ್ಲಿ ಇಂಥವರನ್ನು ಗರುಡರು ಅನ್ನುತ್ತಿದ್ದರು. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವನ ಸಾವಿರ ವೀರರು ಪ್ರಾಣ ಕೊಟ್ಟರೆಂದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದ ಶಾಸನ ಹೇಳುತ್ತೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರು ಆ ಕಂಬದಲ್ಲಿದ್ದಾರೆ. ಪ್ರವಾಸಕ್ಕೆ ಹೋದವರು ಗುಡಿಯ ಗೋಡೆಯ ಕೆತ್ತನೆ ನೋಡುವ ಭರದಲ್ಲಿ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ.

ಜಪಾನಿನಲ್ಲೂ ಇದೇ ಪದ್ಧತಿ ಇತ್ತು, ಅದಕ್ಕೆ ‘ಜುನ್ಶಿ’ ಅಂತ ಹೆಸರು. 1663ರಲ್ಲಿ ಅಲ್ಲಿನ ಶೋಗನ್ ಸರ್ಕಾರ ಅದನ್ನು ನಿಷೇಧಿಸಿತು. ‘ಹಗಾಕುರೆ’ಯ ಯಮಮೊತೊ ತ್ಸುನೆತೊಮೊ ತನ್ನ ಒಡೆಯ 1700ರಲ್ಲಿ ಸತ್ತಾಗ ಜೊತೆಗೆ ಸಾಯಬೇಕೆಂದುಕೊಂಡ, ಕಾನೂನು ಬಿಡಲಿಲ್ಲ. ಸನ್ಯಾಸಿಯಾಗಿ ಕೂತು ಸಾವಿನ ಬಗ್ಗೆ ಹೇಳಿ ಬರೆಸಿದ. ಇನ್ನು ಇಡೀ ಜಗತ್ತಿಗೆ ಬುಶಿದೋ ಪರಿಚಯಿಸಿದ ನಿತೊಬೆ ಇನಾಜೊನ ಪುಸ್ತಕ 1900ರದ್ದು. ಅದೂ ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿ ಪ್ರಕಟವಾದದ್ದು. ಅಷ್ಟು ಹೊತ್ತಿಗೆ ಸಮುರಾಯ್ ವರ್ಗವನ್ನೇ ರದ್ದು ಮಾಡಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಸಿನಿಮಾದಲ್ಲಿ ನಾವು ಮೆಚ್ಚುವ ವೀರಧರ್ಮದಲ್ಲಿ ಬಹುಪಾಲು ಕತ್ತಿ ಗೋಡೆಗೆ ನೇತು ಹಾಕಿದ ಮೇಲೆ ಬರೆದದ್ದು. ನಮ್ಮ ಕಲ್ಲುಗಳು ಹಾಗಲ್ಲ, ಸತ್ತವನನ್ನು ಕಂಡವರೇ ನಿಲ್ಲಿಸಿದಂಥವು.

ಕುವರ ಲಕ್ಷ್ಮನ ಜೊತೆ ಸುಗ್ಗಲದೇವಿಯ ಹೆಸರೂ ಇದೆ ಅಂದೆನಲ್ಲ, ಅಲ್ಲಿಂದ ನೇರವಾಗಿ ಮಾಲೂರು ತಾಲ್ಲೂಕಿಗೆ ಬರೋಣ. ಇಲ್ಲಿನ ಮಾಸ್ತಿ ಎಂಬ ಊರು ಕನ್ನಡಿಗರಿಗೆಲ್ಲ ಗೊತ್ತು, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರಿಂದ. ಆ ಹೆಸರು ‘ಮಹಾಸತಿ’ಯಿಂದ ಬಂದದ್ದು ಅನ್ನುತ್ತಾರೆ. ಗಂಡ ಯುದ್ಧದಲ್ಲಿ ಸತ್ತ ಮೇಲೆ ಬೆಂಕಿಗೆ ಹೋದ ಹೆಂಗಸಿನ ಕಲ್ಲು ಮಾಸ್ತಿಕಲ್ಲು. ಕಂಬದಿಂದ ಚಾಚಿದ ಒಂದು ಕೈ, ಕೈತುಂಬ ಬಳೆ. ವೀರಗಲ್ಲಿನಲ್ಲಿ ಗಂಡಸಿಗೆ ಕುದುರೆ ಇದೆ, ಬಿಲ್ಲು ಇದೆ, ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರಿದ್ದಾರೆ. ಮಾಸ್ತಿಕಲ್ಲಿನಲ್ಲಿ ಎಷ್ಟೋ ಸಲ ಕಾಣುವುದು ಆ ಕೈಯೊಂದೇ. ಭಾಷೆ ಕೊಟ್ಟವನು ಒಬ್ಬ, ತೀರಿಸಿದವರು ಇಬ್ಬರು. ಜೇಡೈ ಕಥೆ ಹೇಳುವವರು ಈ ಲೆಕ್ಕ ಹೇಳುವುದಿಲ್ಲ.

ಹಾಗಾದರೆ ಒಡೆಯ ಸತ್ತ ಮೇಲೆ ಬದುಕಿದವನು ನಿಯಮ ಮೀರಿದವನೇ? ಈ ಪ್ರಶ್ನೆಗೆ ಶ್ರೀನಿವಾಸಪುರದ ಹೆಸರಿನಲ್ಲೇ ಒಂದು ಉತ್ತರ ಇದೆ. ಮಾವಿನಕಾಯಿಗೆ ಪ್ರಸಿದ್ಧವಾದ ಈ ಊರಿನ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟ. ಪೂರ್ಣಯ್ಯ ಹೈದರಾಲಿಯ ಬಳಿ ಕೆಲಸ ಮಾಡಿದವನು, ಟಿಪ್ಪುವಿನ ಮಂತ್ರಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ. ವೇಳೆವಾಳಿಯ ಲೆಕ್ಕದಲ್ಲಿ ಪೂರ್ಣಯ್ಯನೂ ಅಂದೇ ಮುಗಿಯಬೇಕಿತ್ತು. ಆತ ಹಾಗೆ ಮಾಡಲಿಲ್ಲ. ಇಂಗ್ಲಿಷರ ಜೊತೆ ಮಾತಾಡಿ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾಗಿ 1811ರವರೆಗೆ ರಾಜ್ಯ ನಡೆಸಿದ. ಅವನನ್ನು ಅವಕಾಶವಾದಿ ಅನ್ನುವವರಿದ್ದಾರೆ. ಯುದ್ಧದಲ್ಲಿ ನುಚ್ಚುನೂರಾದ ರಾಜ್ಯಕ್ಕೆ ಇನ್ನೊಂದು ಹೆಣಕ್ಕಿಂತ ಕಂದಾಯದ ಲೆಕ್ಕ ಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು ಅಂತ ನನಗನ್ನಿಸುತ್ತೆ. ಕುವರ ಲಕ್ಷ್ಮನಿಗೆ ಕಂಬ ಸಿಕ್ಕಿತು, ಪೂರ್ಣಯ್ಯನ ಮಗನ ಹೆಸರು ಬಸ್ಸಿನ ಬೋರ್ಡಿನ ಮೇಲಿದೆ. ಎರಡರಲ್ಲಿ ಯಾವುದು ದೊಡ್ಡದು ಅಂತ ನೀವೇ ಹೇಳಿ.

ಹೈದರನ ಹೆಸರು ಬಂತು. ಆತ ನಮ್ಮ ಜಿಲ್ಲೆಯವನೇ, ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೆ ಮುಹಮ್ಮದನ ಗೋರಿ ಕೋಲಾರದಲ್ಲಿದೆ. ಅವನ ಕಾಲದ ಒಂದು ಕಾಳಗ ಮುಳಬಾಗಿಲಿನಲ್ಲಿ ನಡೆಯಿತು, ಮೊದಲ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರ್‌ನಲ್ಲಿ. ಕರ್ನಲ್ ವುಡ್‌ನ ಇಂಗ್ಲಿಷ್ ಪಡೆ ಹೈದರನ ದೊಡ್ಡ ಸೈನ್ಯಕ್ಕೆ ಸಿಕ್ಕಿ ಸೋಲುವ ಹಂತದಲ್ಲಿತ್ತು. ಆಗ ಕ್ಯಾಪ್ಟನ್ ಬ್ರೂಕ್ ಎಂಬವನು ಕೈಲಿದ್ದ ಸ್ವಲ್ಪ ಜನರ ಜೊತೆ ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆಸಿ, ಹಾರಿಸಿ, “ಸ್ಮಿತ್! ಸ್ಮಿತ್!” ಅಂತ ಎಲ್ಲರಿಂದ ಕೂಗಿಸಿದ. ಕರ್ನಲ್ ಸ್ಮಿತ್ ಅಲ್ಲೆಲ್ಲೂ ಇರಲಿಲ್ಲ. ಆದರೆ ಸ್ಮಿತ್‌ನ ಸೇನೆ ಬಂತೆಂದು ಹೈದರನ ಕಡೆಯವರು ಹಿಂಜರಿದರು, ಇಂಗ್ಲಿಷರ ಕಡೆಯವರು ಚೇತರಿಸಿಕೊಂಡರು.

ಒಂದು ಹೆಸರು ಕೂಗಿ ಯುದ್ಧ ತಿರುಗಿಸುವುದು! ಇದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ಕುರುಕ್ಷೇತ್ರದ ಅಶ್ವತ್ಥಾಮ. ಸತ್ತದ್ದು ಆನೆ, ಕೂಗಿದ್ದು ಗುರುವಿನ ಮಗನ ಹೆಸರು, ದ್ರೋಣ ಬಿಲ್ಲು ಕೆಳಗಿಟ್ಟ. ಮುಳಬಾಗಿಲಿನ ಆಂಜನೇಯನನ್ನು ಯುದ್ಧ ಮುಗಿದ ಮೇಲೆ ಅರ್ಜುನನೇ ಪ್ರತಿಷ್ಠೆ ಮಾಡಿದ ಅಂತ ಸ್ಥಳಪುರಾಣ. ಅದೇ ತಾಲ್ಲೂಕಿನ ಆವನಿಯಲ್ಲಿ ಲವಕುಶರು ಹುಟ್ಟಿದರು, ಅಪ್ಪನ ಸೇನೆಯ ಜೊತೆಯೇ ಕಾದಾಡಿದರು ಅನ್ನುತ್ತಾರೆ. ಅಲ್ಲಿ ನೊಳಂಬರ ಕಾಲದ ಗುಡಿಗಳಿಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿದೆ. ನಮ್ಮ ಜನ ಯುದ್ಧದ ಕಥೆಯನ್ನು ಗೆಲುವಿನಲ್ಲಿ ನಿಲ್ಲಿಸದೆ, ಗೆದ್ದವರನ್ನು ಕರೆತಂದು ದೇವರ ಮುಂದೆ ಕೂರಿಸಿದ್ದಾರೆ. ಇದು ನನಗೆ ಬಹಳ ಇಷ್ಟ.

ಕಲ್ಲಿಗೂ ಕಾವ್ಯಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ವೀರಗಲ್ಲಿನ ಶಾಸನ ಯಾರೂ ನಿಯಮ ಮುರಿದ ಸುದ್ದಿ ಹೇಳುವುದಿಲ್ಲ. ಕಾವ್ಯಕ್ಕೆ ಅದೇ ಬೇಕು. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು ಅನ್ನೋದು ನಿಯಮ, ಭೀಮ ಹೊಡೆದದ್ದು ತೊಡೆಗೆ. ಬಲರಾಮ ಸಿಟ್ಟಾಗಿ ನೇಗಿಲೆತ್ತಿಕೊಂಡು ಬಂದ. ಆ ಕಥೆಯನ್ನೇ ರನ್ನ ಸುಮಾರು ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ವಾಗಿ ಬರೆದು, ತನ್ನ ಅರಸ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಆದರೆ ಓದುವವರ ಕಣ್ಣಲ್ಲಿ ನೀರು ತರಿಸುವವನು ದುರ್ಯೋಧನ. ಅರಸನನ್ನು ಹೊಗಳಲು ಕೂತ ಕವಿಯೂ ಸೋತವನ ಪಾಲಿನ ನ್ಯಾಯವನ್ನು ಮುಚ್ಚಿಡಲಿಲ್ಲ.

ಈಗ ಗರಡಿಗೆ ಬರೋಣ. ನಮ್ಮ ತಾತ ವಯಸ್ಸಿನಲ್ಲಿ ಗರಡಿಗೆ ಹೋದವರು. ಅವರು ಹೇಳುತ್ತಿದ್ದದ್ದು ಇಷ್ಟೇ: ಚಪ್ಪಲಿ ಹೊರಗೆ ಬಿಡು, ಹನುಮಂತನಿಗೆ ಕೈ ಮುಗಿ, ಮಣ್ಣು ಮುಟ್ಟಿ ಹಣೆಗೆ ಇಟ್ಟುಕೋ, ಆಮೇಲೆ ದಂಡ, ಬಸ್ಕಿ. ಪಟ್ಟು ಕಲಿಯೋದು ಎಷ್ಟೋ ದಿನದ ಮೇಲೆ. ವಸ್ತಾದಿ ಸಾಕು ಅಂದರೆ ಸಾಕು. ಹೊರಗೆ ಬೀದಿಯಲ್ಲಿ ಕೈ ಎತ್ತಿದರೆ ಗರಡಿಗೆ ಮತ್ತೆ ಸೇರಿಸುತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿ ಸಂಜೆ ಹೊತ್ತು ಕರಾಟೆ ಕಲಿಯುವ ಕಡೆಯೂ ಮಾತು ಬೇರೆ, ಪಾಠ ಅದೇ: ತಲೆಬಾಗಿ ಒಳಗೆ ಬಾ, ತಲೆಬಾಗಿ ಹೊರಗೆ ಹೋಗು, ಮೊದಲ ಏಟು ನಿನ್ನದಾಗಬಾರದು.

ಈ ಶಿಸ್ತು ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (12ನೇ ಶತಮಾನ) ‘ಮಲ್ಲವಿನೋದ’ ಅಂತಲೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಬಲ, ಕಲಿಕೆ ನೋಡಿ ದರ್ಜೆಗಳಾಗಿ ವಿಂಗಡಿಸುವುದು, ಅವರ ಊಟ, ಅವರ ಸಾಧನೆ, ಎಲ್ಲ ಅದರಲ್ಲಿದೆ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿ. ತಲೆ ಬೋಳಿಸಿಕೊಂಡು, ಕೈಗೆ ಮುಳ್ಳಿನ ವಜ್ರನಖ ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಲ್ಲಿ ಮೊದಲ ಹನಿ ರಕ್ತ ಕಂಡರೆ ಆಟ ಮುಗಿಯಿತು. ವರ್ಷವಿಡೀ ತಯಾರಾಗಿ ಬಂದವನು ಒಂದೆರಡು ನಿಮಿಷಕ್ಕೆ ಕೈ ತಡೆಯಬೇಕು. ಭೀಮನ ಕೈಲಿ ಆಗದೇ ಇದ್ದದ್ದು ಇದೇ.

ಪರಶುರಾಮನ ಶಿಷ್ಯನಾದ ಕರ್ಣನ ಕಥೆಯನ್ನೂ ಹೀಗೆ ಗರಡಿಯ ಕಣ್ಣಿಂದ ನೋಡಬಹುದು. ಗುರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಹುಳು ತೊಡೆ ಕೊರೆಯುತ್ತಿದೆ, ಕರ್ಣ ಅಲುಗಲಿಲ್ಲ. ಯಾವ ವಸ್ತಾದಿಗಾದರೂ ಇಂಥ ಶಿಷ್ಯ ಸಿಕ್ಕರೆ ಹಬ್ಬ. ಆದರೆ ಪರಶುರಾಮ ಎದ್ದವನೇ ಇಷ್ಟು ನೋವು ತಡೆಯುವವನು ಬ್ರಾಹ್ಮಣನಾಗಿರಲಾರ ಅಂದುಕೊಂಡು ಶಾಪ ಕೊಟ್ಟ. ಸುಳ್ಳು ಹೇಳಿದ್ದು ತಪ್ಪಿರಬಹುದು, ಆದರೆ ಸಿಕ್ಕಿಬಿದ್ದದ್ದು ತನ್ನ ಶಿಸ್ತಿನಿಂದಲೇ. ವೀರರ ನಿಯಮ ನೀನು ಯಾರು ಅಂತ ಕೇಳಿತು. ಗರಡಿಯ ಮಣ್ಣು ನಿನಗೇನು ಬರುತ್ತೆ ಅಂತ ಕೇಳಬೇಕು. ಎಲ್ಲ ಕಾಲದಲ್ಲೂ ಹಾಗೇ ಕೇಳಿದೆ ಅಂತ ಹೇಳಿದರೆ ಸುಳ್ಳಾಗುತ್ತೆ, ಗರಡಿಗೂ ಜಾತಿ ಕೇರಿಯ ಗೋಡೆಗಳಿದ್ದವು, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತ್ತು.

ಇನ್ನು ಕಥೆ ಮತ್ತು ಗರಡಿ ಎರಡೂ ಒಂದೇ ದೇಹದಲ್ಲಿ ಸೇರುವ ಜಾಗ ಒಂದಿದೆ, ಅದು ಕರಗ. ಬೆಂಗಳೂರು ಕರಗ ಎಲ್ಲರಿಗೂ ಗೊತ್ತು. ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲೂ ಧರ್ಮರಾಯಸ್ವಾಮಿಯ ಕರಗ ನಡೆಯುತ್ತೆ. ತಿಗಳರು, ಅಂದರೆ ವಹ್ನಿಕುಲ ಕ್ಷತ್ರಿಯರು, ಹೂವು ತರಕಾರಿ ಬೆಳೆಯುವ ಜನ. ವರ್ಷವೆಲ್ಲ ತೋಟದಲ್ಲಿ ಗುದ್ದಲಿ ಹಿಡಿದವರು ಹಬ್ಬದ ದಿನಗಳಲ್ಲಿ ದೀಕ್ಷೆ ತೊಟ್ಟು ವೀರಕುಮಾರರಾಗಿ ಕತ್ತಿ ಹಿಡಿಯುತ್ತಾರೆ. ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ಹುಟ್ಟಿಸಿದ ಸೈನ್ಯ ಇದು ಅಂತ ಅವರ ಕಥೆ. ಊಟದಲ್ಲಿ, ನಡತೆಯಲ್ಲಿ ಕಟ್ಟುನಿಟ್ಟು. ಬರಿ ಮೈಗೆ ಕತ್ತಿಯ ಅಲಗು ತಾಗಿಸಿಕೊಂಡು ಮಾಡುವ ಅಲಗು ಸೇವೆ ನೋಡಿದವರಿಗೆ ಅದರ ಹಿಂದಿನ ಅಭ್ಯಾಸ ಎಂಥದ್ದು ಅಂತ ಗೊತ್ತಾಗುತ್ತೆ. ಕರಗ ಹೊತ್ತವನು ಗಂಡಸು, ವೇಷ ಹೆಣ್ಣಿನದು. ಕರಗ ಜಾರಿದರೆ ಅವನನ್ನು ವೀರಕುಮಾರರೇ ಇರಿಯಬೇಕು ಅನ್ನುವ ನಂಬಿಕೆ ಬೇರೆ.

ಯಾಕೆ ದ್ರೌಪದಿ? ಸಭೆಯಲ್ಲಿ ಅವಳ ಸೀರೆಗೆ ಕೈ ಹಾಕಿದಾಗ ಅಲ್ಲಿ ಕೂತಿದ್ದವರೆಲ್ಲ ವೀರರೇ, ಎಲ್ಲರಿಗೂ ನಿಯಮ ಗೊತ್ತಿತ್ತು. ಭೀಷ್ಮ ಧರ್ಮ ಸೂಕ್ಷ್ಮ ಅಂದ. ಯುದ್ಧ ಶುರುವಾಗುವ ಮುಂಚೆ ಭೀಷ್ಮ ದ್ರೋಣರಿಬ್ಬರೂ ಧರ್ಮರಾಯನಿಗೆ ಹೇಳಿದ್ದು ಒಂದೇ, ಕೌರವರ ಅರ್ಥಕ್ಕೆ ಕಟ್ಟುಬಿದ್ದಿದ್ದೇವೆ ಅಂತ. ಜೋಳವಾಳಿ ಎಂಥ ಕಡೆ ಕರೆದೊಯ್ಯುತ್ತೆ ನೋಡಿ! ಅನ್ನದ ಋಣಕ್ಕೆ ಕಟ್ಟುಬಿದ್ದವರ ಬಾಯಿ ಅವಳ ಪ್ರಶ್ನೆಗೆ ತೆರೆಯಲಿಲ್ಲ. ಕರಗದ ರಾತ್ರಿ ಕತ್ತಿ ಹಿಡಿದವರು ಯಾವ ಅರಸನಿಗೂ ಭಾಷೆ ಕೊಟ್ಟವರಲ್ಲ, ಅವಳ ಕಾವಲಿಗೆ ನಿಂತವರು. ಸಭೆಯಲ್ಲಿ ಬಾರದೇ ಇದ್ದ ಸೈನ್ಯವನ್ನು ತೋಟದ ಜನ ಪ್ರತಿ ವರ್ಷ ಕರೆತರುತ್ತಾರೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇದು ನನ್ನ ಓದು, ಅವರ ಓದು ಬೇರೆ ಇರಬಹುದು.

ಈಗ ಗೆಳೆಯನ ಮಾತಿಗೆ ಉತ್ತರ ಹೇಳಬಹುದು. ನಮ್ಮಲ್ಲೂ ವೀರರ ನಿಯಮ ಇತ್ತು, ಜಪಾನಿನದಕ್ಕೆ ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ, ಅದರಷ್ಟೇ ಕ್ರೂರವೂ ಆಗಿತ್ತು. ಒಡೆಯನ ಜೊತೆ ಸಾಯುವ ಭಾಗ ಕಂಬದಲ್ಲೇ ಉಳಿಯಲಿ. ಊರಿನ ದನ ಬಿಡಿಸಲು ಹೋದವನ ಕಲ್ಲಿಗೆ ಮಾತ್ರ ನಾನು ನಿಂತು ಕೈ ಮುಗಿಯುತ್ತೇನೆ. ಯಾಕೆಂದರೆ ಅವನು ಯಾರ ಹೆಸರಿಗೂ ಸಾಯಲು ಹೋದವನಲ್ಲ, ಬೆಳಿಗ್ಗೆ ಹಾಲು ಕರೆಯಬೇಕಿದ್ದ ಹಸುವನ್ನು ವಾಪಸ್ಸು ತರಲು ಹೋದವನು.

ಮುಂದಿನ ಸಲ ಕೋಲಾರದ ಕಡೆ ಬಂದರೆ ಹೆದ್ದಾರಿ ಬಿಟ್ಟು ಯಾವುದಾದರೂ ಒಂದು ಕೆರೆ ಏರಿ ಹತ್ತಿ ನೋಡಿ. ಕಲ್ಲು ಕಂಡರೆ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳಿವೆಯಾ ಅಂತ ಹುಡುಕಿ. ಊರಿನವರನ್ನು ಕೇಳಿ, ಏನಾದರೊಂದು ಕಥೆ ಹೇಳೇ ಹೇಳುತ್ತಾರೆ. ಬಟ್ಟೆ ಒಣಗಲು ಹಾಕಿದ್ದರೆ ಬೈಯಬೇಡಿ, ಅವನು ಕಾಪಾಡಿದ ಊರೇ ತಾನೇ ಅದು!